ದುಡಿಯದವನು ಉಣ್ಣಬಾರದೇ?



ಕೆಲಸ ಮಾಡಲೊಲ್ಲದವನಿಗೆ ಊಟವೂ ಬೇಡ ಎಂಬ ಅರ್ಥದ ಸಂತ ಪೌಲರ ಮಾತು ಬೈಬಲ್ ಓದದವರ ಬಾಯಲ್ಲೂ ಓಡಾಡುತ್ತದೆ. ಪಿಂಚಣಿಯ ಮಾತು ಬಂದರೆ, ರೇಷನ್ ಅಕ್ಕಿಯ ಮಾತು ಬಂದರೆ, ಗಡಿಯಾಚೆ ಕರ್ನಾಟಕದ ಗೃಹಲಕ್ಷ್ಮಿಯ ಎರಡು ಸಾವಿರದ ಮಾತು ಬಂದರೆ ಯಾರಾದರೊಬ್ಬರು ಅದನ್ನು ಎತ್ತುತ್ತಾರೆ. ನಮ್ಮ ಯುವಜನ ಕೂಟದಲ್ಲೂ ಎತ್ತಿದರು. ಪುಕ್ಕಟೆ ಕೊಟ್ಟು ಜನರನ್ನು ಸೋಮಾರಿ ಮಾಡಿದ್ದಾರೆ, ಯಾವ ನೆರವಿಗೂ ಕೆಲಸದ ಷರತ್ತು ಇರಲೇಬೇಕು ಎಂದು ಒಂದು ಪಕ್ಷ. ಹಸಿದವನಿಗೆ ಷರತ್ತು ಹಾಕುವುದೇ ಪಾಪ ಎಂದು ಇನ್ನೊಂದು ಪಕ್ಷ. ಎರಡು ಭಾನುವಾರ ವಾದ ನಡೆಯಿತು. ಮೂರನೆಯ ಭಾನುವಾರ ಕ್ರಿಕೆಟ್ ಪಂದ್ಯವಿತ್ತು. ಅರ್ಧಕ್ಕೆ ನಿಂತ ಆ ವಾದದ ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ.

ಈ ಪ್ರಶ್ನೆಯನ್ನು ಅನಂತಪುರದ ನೆಲದಲ್ಲಿ ನಿಂತು ಕೇಳುವುದಕ್ಕೆ ಬೇರೆಯೇ ತೂಕವಿದೆ. 2006ರ ಫೆಬ್ರವರಿ 2ರಂದು ನಮ್ಮದೇ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯನ್ನು ಆರಂಭಿಸಿದರು. ಮೊದಲು 200 ಜಿಲ್ಲೆ, ಆಮೇಲೆ ಇಡೀ ದೇಶ. ಹಳ್ಳಿಯ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಮೈಮುರಿವ ಕೆಲಸ, ಕೇಳಿದವರಿಗೆ 15 ದಿನದೊಳಗೆ ಕೊಡಬೇಕು. ಬಂಡ್ಲಪಲ್ಲಿಯನ್ನೇ ಏಕೆ ಆರಿಸಿದರು ಎಂದು ಇಲ್ಲಿಯವರು ಯಾರೂ ಕೇಳಬೇಕಿಲ್ಲ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ ಬಂತು. ಒಂದೇ ಬೆಳೆಯಾದ ಶೇಂಗಾ. ಅದು ಕೈಕೊಟ್ಟರೆ ಬೆಂಗಳೂರಿನ ಬಸ್ಸು. ರಾಯದುರ್ಗದ ಕಡೆಯ ಡಿ. ಹೀರೇಹಾಳ್, ಬೊಮ್ಮನಹಾಳ್, ಕಣೇಕಲ್‌ನಲ್ಲಿ ಇರಲಿ, ಮಡಕಶಿರಾದ ಕಡೆಯ ರೊಳ್ಳ, ಅಗಳಿ, ಅಮರಾಪುರದಲ್ಲಿ ಇರಲಿ, ಬೇಸಿಗೆಯ ಮೂರು ತಿಂಗಳು ಒಲೆ ಉರಿದದ್ದು ಎಷ್ಟೋ ಮನೆಗಳಲ್ಲಿ ಈ ಕೆಲಸದಿಂದಲೇ. (ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆದರೂ ನಮ್ಮ ಬಾಯಲ್ಲಿ ಅದು ಇನ್ನೂ ಅನಂತಪುರವೇ.)

ಗಡಿಯಾಚೆಯ ನಮ್ಮ ಬಂಧುಗಳು ಇದನ್ನು ‘ಖಾತ್ರಿ ಕೆಲಸ’ ಎನ್ನುತ್ತಾರೆ. ಇಲ್ಲಿ ತೆಲುಗಿನ ಹೆಸರು ‘ಉಪಾಧಿ ಹಾಮಿ’, ನಾವು ಅದನ್ನು ಚಿಕ್ಕದು ಮಾಡಿ ‘ಉಪಾಧಿ ಕೆಲಸ’ ಎನ್ನುತ್ತೇವೆ. ತೆಲುಗಿನಲ್ಲಿ ಉಪಾಧಿ ಎಂದರೆ ಜೀವನೋಪಾಯ. ಕನ್ನಡದಲ್ಲಿ ಅದೇ ಪದಕ್ಕೆ ಷರತ್ತು ಎಂದೂ, ತೊಂದರೆ ಎಂದೂ ಅರ್ಥವಿದೆ. ಎರಡು ಭಾಷೆಯ ನಡುವೆ ಬದುಕುವ ನಮಗೆ ಈ ಒಂದು ಪದದಲ್ಲೇ ಇಡೀ ವಾದ ಅಡಗಿರುವಂತೆ ಕಾಣುತ್ತದೆ.

ಏಕೆಂದರೆ ಇದೇ ಮಣ್ಣಿನಲ್ಲಿ ಇದೇ ಗುದ್ದಲಿಯಿಂದ ಅಗೆದ ಇನ್ನೊಂದು ಗುಂಡಿಯ ಕಥೆ ಇದೆ. ಧಾತು ಸಂವತ್ಸರದ ಬರ ಎಂದು ಹಿಂದಿನವರು ಕರೆಯುತ್ತಿದ್ದ 1876–78ರ ಮಹಾಕ್ಷಾಮ. ಆಗ ಅನಂತಪುರ ಜಿಲ್ಲೆಯೇ ಇರಲಿಲ್ಲ, ಬಳ್ಳಾರಿಯಿಂದ ಬೇರೆಯಾದದ್ದು 1882ರಲ್ಲಿ. ರಾಯದುರ್ಗವಂತೂ 1953ರಲ್ಲಿ ಆಂಧ್ರ ರಾಜ್ಯ ಹುಟ್ಟುವವರೆಗೂ ಬಳ್ಳಾರಿಯ ತಾಲ್ಲೂಕಾಗಿಯೇ ಇತ್ತು. ಮದ್ರಾಸ್ ಪ್ರಾಂತದಲ್ಲಿ ಆ ಬರ ಅತಿ ಹೆಚ್ಚು ಬಡಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಸರ್ಕಾರ ಹಸಿದವರಿಗೆ ಪರಿಹಾರ ಕಾಮಗಾರಿ ತೆರೆಯಿತು: ಕಲ್ಲು ಒಡೆಯುವುದು, ರಸ್ತೆ, ಕೆರೆ, ಕಾಲುವೆ. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ ಮದ್ರಾಸ್ ಪ್ರಾಂತಕ್ಕೆ ಬಂದರು. ಖರ್ಚು ಹೆಚ್ಚಾಗಿದೆ, ಬೇಡದವರೂ ಬರುತ್ತಿದ್ದಾರೆ ಎಂಬುದು ಅವರ ಲೆಕ್ಕ. ದಿನಕ್ಕೆ ಒಂದೂವರೆ ಪೌಂಡು ಧಾನ್ಯದ ಬೆಲೆಯ ಮೇಲೆ ನಿಂತಿದ್ದ ಗಂಡಾಳಿನ ಕೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಅರ್ಧ ಆಣೆಗೆ ಇಳಿಸಿದರು. ಒಂದು ಪೌಂಡೆಂದರೆ ಅರ್ಧ ಕೆ.ಜಿ.ಗಿಂತ ಕಡಿಮೆ. ಅದನ್ನು ತಿಂದು ದಿನವಿಡೀ ಕಲ್ಲು ಒಡೆಯಬೇಕು. ಮನೆಯ ಹತ್ತಿರ ಕೆಲಸ ಸಿಕ್ಕರೆ ಯಾರು ಬೇಕಾದರೂ ಬಂದಾರು ಎಂದು ಶಿಬಿರಗಳನ್ನು ದೂರದಲ್ಲಿ ಇಡುವ ಪದ್ಧತಿಯೂ ಇತ್ತು. ಅಷ್ಟು ದೂರ ನಡೆದು, ಅಷ್ಟು ಕಡಿಮೆಗೆ, ಅಷ್ಟು ಕಷ್ಟದ ಕೆಲಸಕ್ಕೆ ಬಂದವನು ಮಾತ್ರ ನಿಜವಾಗಿ ಹಸಿದವನು ಎಂಬುದು ಅವರ ಪರೀಕ್ಷೆ.

ಮದ್ರಾಸಿನ ಆರೋಗ್ಯ ಆಯುಕ್ತರಾಗಿದ್ದ ಡಾ. ವಿಲಿಯಂ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಜೈಲಿನ ಕೈದಿಗಳ ಊಟದ ಪಟ್ಟಿಯನ್ನು ಮುಂದಿಟ್ಟು ವಾದಿಸಿದರು. ಮುಂಬಯಿ ಪ್ರಾಂತದಲ್ಲಿ ಕೂಲಿಗಳೇ ಶಿಬಿರ ಬಿಟ್ಟು ಹೊರನಡೆದರು, ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಕೆಲವು ತಿಂಗಳಾದ ಮೇಲೆ ಮದ್ರಾಸಿನಲ್ಲಿ ಕೂಲಿ ಏರಿತು. ಬ್ರಿಟಿಷ್ ಆಡಳಿತದ ಪ್ರದೇಶದಲ್ಲೇ ಐವತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು 1880ರ ಕ್ಷಾಮ ಆಯೋಗ ಅಂದಾಜು ಮಾಡಿತು.

ಇದನ್ನು ಓದುವಾಗ ಟೆಂಪಲ್ ದುಷ್ಟ ಎಂದು ಹೇಳಿ ಮುಂದೆ ಹೋಗುವುದು ಸುಲಭ. ನಮ್ಮನ್ನು ಕಾಡಿದ್ದು ಬೇರೆ. ಅವರ ತರ್ಕ ಇವತ್ತಿನದೂ ಹೌದು. ಅರ್ಥಶಾಸ್ತ್ರದವರು ಇದಕ್ಕೆ ‘ಸ್ವಯಂ ಆಯ್ಕೆ’ ಎಂದು ಹೆಸರಿಟ್ಟಿದ್ದಾರೆ. ಬಡವರನ್ನು ಹುಡುಕಲು ಅಧಿಕಾರಿಗಳ ಪಟ್ಟಿ ಬೇಡ, ಕೆಲಸವನ್ನು ಕಷ್ಟದ್ದಾಗಿ ಇಡಿ, ಉಳ್ಳವರು ತಾವಾಗಿ ದೂರ ಇರುತ್ತಾರೆ ಎಂಬ ವಾದ. ಇದರಲ್ಲಿ ನಿಜವಿದೆ. ಉಪಾಧಿ ಕೆಲಸಕ್ಕೆ ಹೆಸರು ಬರೆಸಲು ಯಾರೂ ಬಡತನದ ಸರ್ಟಿಫಿಕೇಟ್ ತರಬೇಕಿರಲಿಲ್ಲ. ಅದು ದೊಡ್ಡ ಅನುಕೂಲ. ಆದರೆ ಕಷ್ಟವನ್ನೇ ಜರಡಿ ಮಾಡಿಕೊಂಡಾಗ ಆ ಜರಡಿಯ ಕಣ್ಣುಗಳಿಂದ ಮೊದಲು ಕೆಳಗೆ ಬೀಳುವವರು ಯಾರು? ಸೋಮಾರಿಗಳಲ್ಲ. ಅವರು ಆ ಬಿಸಿಲಿಗೆ ಬಂದೇ ಇರುವುದಿಲ್ಲ. ಬೀಳುವವರು ಬಾಣಂತಿ, ಸಕ್ಕರೆ ಕಾಯಿಲೆಯವರು, ಮಂಡಿ ಸವೆದ 55ರ ಹೆಂಗಸು. ವೃದ್ಧಾಪ್ಯ ಪಿಂಚಣಿಗೆ 60 ತುಂಬಬೇಕು. ಗುಂಡಿ ತೋಡಲು ಮಂಡಿ ಗಟ್ಟಿ ಇರಬೇಕು. ಇವೆರಡರ ನಡುವೆ ಐದು ವರ್ಷ ಆಕೆ ಏನು ತಿನ್ನಬೇಕು ಎಂಬುದಕ್ಕೆ ಯಾವ ಕಾಯ್ದೆಯಲ್ಲೂ ಉತ್ತರವಿಲ್ಲ.

ಈಗ ಸಂತ ಪೌಲರ ಮಾತಿಗೆ ಬರೋಣ. ಅದು ಥೆಸಲೋನಿಯದ ಕ್ರೈಸ್ತರಿಗೆ ಬರೆದ ಎರಡನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿದೆ. ಕೆಲವರು ಕೆಲಸ ಬಿಟ್ಟು ಊರೆಲ್ಲ ಸುತ್ತಿ ಇತರರ ವಿಷಯಕ್ಕೆ ತಲೆಹಾಕುತ್ತ, ಸಭೆಯ ಅನ್ನ ಉಣ್ಣುತ್ತಿದ್ದರು. ಪೌಲರು ಹೇಳಿದ್ದು ಇವರಿಗೆ. ಕೆಲಸ ಮಾಡಲು ಆಗದವನನ್ನು, ಕೆಲಸ ಸಿಗದವನನ್ನು ಅವರು ಹೆಸರಿಸಿಲ್ಲ, ಮನಸ್ಸಿಲ್ಲದವನನ್ನು ಹೆಸರಿಸಿದ್ದಾರೆ. ಇದು ಎಲ್ಲ ಪ್ರವಚನಗಳಲ್ಲೂ ಕೇಳುವ ವಿವರಣೆಯೇ. ನಮಗೆ ಹೊಸದಾಗಿ ಕಂಡದ್ದು ಅದಕ್ಕೆ ಎರಡು ಮೂರು ವಾಕ್ಯ ಮೊದಲಿನ ಭಾಗ. ನಿಮ್ಮಿಂದ ಊಟ ಪಡೆಯುವ ಹಕ್ಕು ನಮಗಿತ್ತು, ಆದರೂ ಯಾರಿಗೂ ಹೊರೆಯಾಗದಂತೆ ಹಗಲಿರುಳು ದುಡಿದೆವು ಎಂದು ಅಲ್ಲಿ ಪೌಲರು ನೆನಪಿಸುತ್ತಾರೆ. ಅವರು ಗುಡಾರ ಹೊಲಿಯುವ ಕಸುಬಿನವರು. ಅಂದರೆ ಷರತ್ತು ಹಾಕಿದವರು ಆ ಷರತ್ತಿಗೆ ಮೊದಲು ತಾವು ಒಳಗಾಗಿದ್ದಾರೆ. ಈ ಭಾಗವನ್ನು ಬಿಟ್ಟು ಬರೀ ಕೊನೆಯ ವಾಕ್ಯವನ್ನು ಬಡವನ ಮುಖಕ್ಕೆ ಹಿಡಿಯುವುದು ನ್ಯಾಯವಲ್ಲ.

ಕೆಲಸದ ಷರತ್ತನ್ನು ಈ ಕಣ್ಣಿನಿಂದ ನೋಡಿದರೆ ಪ್ರಶ್ನೆಯೇ ಬದಲಾಗುತ್ತದೆ. ನೆರವು ಪಡೆಯುವವನು ಕೆಲಸ ಮಾಡಬೇಕೇ? ಮೈಯಲ್ಲಿ ಶಕ್ತಿ ಇದ್ದರೆ ಮಾಡಲಿ. ನಮ್ಮ ಊರಿನ ಜನ ಅದನ್ನು ಎಂದೂ ಬೇಡವೆಂದವರಲ್ಲ, ಕೆಲಸ ಕೊಡಿ ಎಂದೇ ಕಚೇರಿ ಮುಂದೆ ಕೂತವರು. ಆದರೆ ಕೊಡುವವನ ಮೇಲೆ ಷರತ್ತು ಏನು, ಅದನ್ನು ಮುರಿದರೆ ಅವನಿಗೆ ಏನಾಗುತ್ತದೆ ಎಂದೂ ಕೇಳಬೇಕು. 2005ರ ಕಾಯ್ದೆಯ ಹಿರಿಮೆ ಇದ್ದದ್ದು ಇಲ್ಲಿಯೇ. ಟೆಂಪಲರ ಕಾಲದ ದೂರದ ಶಿಬಿರವನ್ನು ಅದು ತಲೆಕೆಳಗು ಮಾಡಿತು: ಕೆಲಸ ಊರಿನಿಂದ 5 ಕಿಲೋಮೀಟರ್ ಒಳಗೆ ಇರಬೇಕು, ಅದರಾಚೆ ಹೋದರೆ ಶೇಕಡಾ 10 ಹೆಚ್ಚು ಕೂಲಿ. ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಐದು ಅಥವಾ ಹೆಚ್ಚು ಪುಟ್ಟ ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬಾಕೆ. 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ, ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಮಹಾರಾಷ್ಟ್ರ 1972ರ ಬರದಿಂದ ಪಾಠ ಕಲಿತು 1977ರಲ್ಲಿ ಮಾಡಿದ ಉದ್ಯೋಗ ಖಾತ್ರಿ ಕಾಯ್ದೆಯ ಬೇರು ಇದಕ್ಕಿದೆ. ಅದೇ ಗುದ್ದಲಿ, ಅದೇ ಗುಂಡಿ. ಆದರೆ 1877ರಲ್ಲಿ ಸರ್ಕಾರ ಕೂಲಿಯವನನ್ನು ಪರೀಕ್ಷಿಸಿತು, 2005ರ ಕಾಗದದ ಮೇಲೆ ಕೂಲಿಯವನು ಸರ್ಕಾರವನ್ನು ಪರೀಕ್ಷಿಸಬಹುದಾಯಿತು.

ಕಾಗದದ ಮೇಲೆ ಎಂದೆವು. ನೆಲದ ಮೇಲೆ ಹೇಗಾಯಿತು ಎಂದು ಒಂದು ಲೆಕ್ಕದಿಂದ ಹೇಳುತ್ತೇವೆ (ಬಿ.ಎಸ್‌ಸಿ. ಓದಿದ ಋಣ, ಲೆಕ್ಕವಿಲ್ಲದೆ ಬರೆಯಲು ಬಾರದು). 2025–26ರಲ್ಲಿ ಆಂಧ್ರಪ್ರದೇಶದ ದಿನಗೂಲಿ 307 ರೂಪಾಯಿ. ವಾರದ ಆರು ದಿನಕ್ಕೆ 1,842. ಕೂಲಿ 15 ದಿನದೊಳಗೆ ಖಾತೆಗೆ ಬರಬೇಕು. ತಡವಾದರೆ ದಿನಕ್ಕೆ ಶೇಕಡಾ 0.05ರಂತೆ ಪರಿಹಾರ. 1,842ಕ್ಕೆ ಅದು ದಿನಕ್ಕೆ 92 ಪೈಸೆ. ಸರ್ಕಾರ ಒಂದು ದಿನ ತಡ ಮಾಡಿದರೆ ತೆರುವ ದಂಡ 92 ಪೈಸೆ. ಈಗ ಕೂಲಿಯವಳ ಕಡೆ ನೋಡಿ. 2023ರ ಜನವರಿ 1ರಿಂದ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೋ ಸಹಿತ ಹಾಜರಿ ಕಡ್ಡಾಯ. ಬೇಸಿಗೆಯಲ್ಲಿ ನಮ್ಮ ಹೆಂಗಸರು ಬಿಸಿಲೇರುವ ಮೊದಲೇ ಕೆಲಸ ಮುಗಿಸಲೆಂದು ಮುಂಜಾನೆಯೇ ಹೋಗುತ್ತಾರೆ. ಅಳತೆಯ ಗುಂಡಿ ತೋಡಿ ಮುಗಿದಿರುತ್ತದೆ, ಎರಡನೆಯ ಫೋಟೋಗಾಗಿ ಕಾಯಬೇಕು. ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಜ್ವರದ ಮಗುವನ್ನು ಆಸ್ಪತ್ರೆಗೆ ಒಯ್ಯಲು ಎರಡನೆಯ ಫೋಟೋಗೆ ಮುಂಚೆ ಹೊರಟರು. ಅವರು ಅಗೆದ ಮಣ್ಣು ಅಲ್ಲೇ ಗುಡ್ಡೆಯಾಗಿ ಕಾಣುತ್ತಿತ್ತು. ಆ ದಿನದ ಕೂಲಿ ಬರಲಿಲ್ಲ. ಅವರ ಒಂದು ಗಂಟೆಯ ತಡಕ್ಕೆ 307 ರೂಪಾಯಿ, ಎದುರಿನವರ ಇಡೀ ದಿನದ ತಡಕ್ಕೆ 92 ಪೈಸೆ. ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸಿದ್ದನ್ನು ನಾವು ಉಪದೇಶ ತರಗತಿಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ.

ಆ ಆ್ಯಪ್ ಕಳ್ಳತನ ತಡೆಯಲು ಬಂದದ್ದು ಎನ್ನುತ್ತಾರೆ. ಕಳ್ಳತನ ಇರಲಿಲ್ಲ ಎಂದು ನಾವು ಹೇಳುವುದಿಲ್ಲ. ಸುಳ್ಳು ಹೆಸರುಗಳ ಮಸ್ಟರ್ ರೋಲ್, ಯಂತ್ರದಿಂದ ಅಗೆಸಿ ಕೂಲಿಯ ಹೆಸರಲ್ಲಿ ಎತ್ತಿದ ಬಿಲ್ಲು, ಇವೆಲ್ಲ ಆಂಧ್ರದ ಸಾಮಾಜಿಕ ಲೆಕ್ಕ ಪರಿಶೋಧನೆಯ ಗ್ರಾಮಸಭೆಗಳಲ್ಲಿ ಬಯಲಿಗೆ ಬಂದಿವೆ. ಆದರೆ 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಆ್ಯಪ್‌ಗೆ ಸಂಬಂಧವಿಲ್ಲದ ಫೋಟೋ, ಫೋಟೋದ ಫೋಟೋ ಏರಿಸುತ್ತಿದ್ದಾರೆ ಎಂದು ಹೇಳಬೇಕಾಯಿತು. ಮೋಸ ಮಾಡುವವನಿಗೆ ದಾರಿ ಸಿಕ್ಕಿತು, ಮಗುವನ್ನು ಆಸ್ಪತ್ರೆಗೆ ಒಯ್ದವಳಿಗೆ ಸಿಗಲಿಲ್ಲ. 2024ರ ಜನವರಿ 1ರಿಂದ ಆಧಾರ್ ಜೋಡಿಸಿದ ಖಾತೆಗೆ ಮಾತ್ರ ಕೂಲಿ ಎಂದಾಯಿತು. ನಮ್ಮವರ ಕಷ್ಟ ನಿಮಗೆ ಗೊತ್ತು. ಜ್ಞಾನಸ್ನಾನದ ಹೆಸರು ಮರಿಯಮ್ಮ, ಮನೆಯಲ್ಲಿ ಮಾರೆಕ್ಕ, ಜಾಬ್ ಕಾರ್ಡಿನಲ್ಲಿ ತೆಲುಗು ಕಾಗುಣಿತ ಒಂದು, ಆಧಾರ್‌ನಲ್ಲಿ ಇಂಗ್ಲಿಷ್ ಕಾಗುಣಿತ ಇನ್ನೊಂದು. ಸೂಚನೆಗಳೆಲ್ಲ ತೆಲುಗಿನಲ್ಲಿ, ಕನ್ನಡ ಶಾಲೆಯಲ್ಲಿ ಓದಿದವರು ಅದನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕು. ಓದಲಾಗದ ಷರತ್ತನ್ನು ಪಾಲಿಸಲಿಲ್ಲವೆಂದು ಒಬ್ಬರನ್ನು ಶಿಕ್ಷಿಸುವುದು ಯಾವ ಧರ್ಮ?

ಇದು ನಮ್ಮ ಕಚೇರಿಗಳ ರೋಗ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ಅರ್ಕಾನ್ಸಾ ರಾಜ್ಯ 2018ರಲ್ಲಿ ಬಡವರ ಆರೋಗ್ಯ ವಿಮೆಗೆ ಕೆಲಸದ ಷರತ್ತು ಹಾಕಿತು. ತಿಂಗಳಿಗೆ 80 ಗಂಟೆ ದುಡಿದದ್ದನ್ನು ವೆಬ್‌ಸೈಟಿನಲ್ಲಿ ತಾವೇ ವರದಿ ಮಾಡಬೇಕು. ಆ ವೆಬ್‌ಸೈಟ್ ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 7ಕ್ಕೆ ತೆರೆಯುತ್ತಿತ್ತು. ಕಂಪ್ಯೂಟರಿಗೂ ಡ್ಯೂಟಿ ಅವಧಿ! ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. ಹಾರ್ವರ್ಡ್‌ನ ಸಂಶೋಧಕರು ವಿಚಾರಿಸಿದಾಗ ಷರತ್ತಿಗೆ ಒಳಪಟ್ಟವರಲ್ಲಿ ಬಹುಪಾಲು ಜನ ಮೊದಲೇ ದುಡಿಯುತ್ತಿದ್ದವರು ಅಥವಾ ವಿನಾಯಿತಿಗೆ ಅರ್ಹರು ಎಂದು ಗೊತ್ತಾಯಿತು, ಉದ್ಯೋಗವೇನೂ ಹೆಚ್ಚಿರಲಿಲ್ಲ. 2019ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ತಡೆಯಿತು. 2025ರಲ್ಲಿ ಅದೇ 80 ಗಂಟೆಯ ಷರತ್ತನ್ನು ಆ ದೇಶ ಹೊಸ ಕಾನೂನಿನಿಂದ ಮತ್ತೆ ತಂದಿದೆ. ಅಲ್ಲಿಯೂ ಇಲ್ಲಿಯೂ ಪರೀಕ್ಷೆ ನಡೆದದ್ದು ದುಡಿಮೆಗಲ್ಲ, ದುಡಿಮೆಯನ್ನು ರುಜುವಾತು ಮಾಡುವ ಜಾಣತನಕ್ಕೆ.

ಹಾಗಾದರೆ ಒಳ್ಳೆಯ ಷರತ್ತು ಎಂಬುದು ಇರಬಹುದೇ? ಇರಬಹುದು ಎಂದು ನಮಗೆ ತೋರಿಸಿಕೊಟ್ಟದ್ದು ಶೇಂಗಾ ಹೊಲ. (ಮಡಕಶಿರಾದವರು ಕಡ್ಲೆಕಾಯಿ ಎಂದು ಓದಿಕೊಳ್ಳಲಿ.) ಗಿಡ ಕಿತ್ತು ರಾಶಿ ಮಾಡಿದ ಮೇಲೆ ಮಣ್ಣಿನಲ್ಲಿ ಕಾಯಿ ಉಳಿದಿರುತ್ತದೆ. ಹೊಲವಿಲ್ಲದವರು ಚಿಕ್ಕ ಗುದ್ದಲಿ ಹಿಡಿದು ಬಂದು ಹಕ್ಕಲು ಆರಿಸುತ್ತಾರೆ. ಒಳ್ಳೆಯ ರೈತ ಸುಮ್ಮನಿರುತ್ತಾನೆ, ಸಣ್ಣ ಬುದ್ಧಿಯವನು ಹಂದಿ ಓಡಿಸಿದಂತೆ ಓಡಿಸುತ್ತಾನೆ. ರೂತಳ ಕಥೆ ನಮ್ಮವರಿಗೆ ಬೇಗ ಅರ್ಥವಾಗುವುದು ಇದರಿಂದಲೇ. ಆಕೆ ಪರದೇಶಿ, ವಿಧವೆ, ಬೆಳಗಿನಿಂದ ಸಂಜೆಯವರೆಗೆ ಬೋವಜನ ಹೊಲದಲ್ಲಿ ಜವೆಗೋಧಿಯ ಹಕ್ಕಲು ಆಯ್ದಳು. ಅದು ನೆರವು, ಅದರಲ್ಲಿ ದುಡಿಮೆಯೂ ಇದೆ. ಆದರೆ ಹಕ್ಕಲಿನ ವಿಧಿ ಇರುವ ಯಾಜಕಕಾಂಡವನ್ನು ತೆರೆದು ನೋಡಿ, ಅಲ್ಲಿ ಅಪ್ಪಣೆ ಯಾರಿಗೆ? ಹೊಲದ ಒಡೆಯನಿಗೆ. ಅಂಚನ್ನು ಕೊಯ್ಯಬೇಡ, ಉದುರಿದ್ದನ್ನು ಆರಿಸಬೇಡ, ಬಡವನಿಗೂ ಪರದೇಶಿಗೂ ಬಿಡು ಎಂದು ಅವನಿಗೇ ಹೇಳಿದೆ. ಬಡವನಿಗೆ ಇಷ್ಟು ಹೊತ್ತಿಗೆ ಬಾ, ಇಷ್ಟು ತುಂಬು ಎಂಬ ಒಂದು ವಿಧಿಯೂ ಇಲ್ಲ. ಬೋವಜ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸಿವುಡುಗಳಿಂದ ಬೇಕೆಂದೇ ತೆನೆ ಜಾರಿಸಿ ಬಿಡಿ, ಆಕೆಯನ್ನು ಗದರಬೇಡಿ ಎಂದು ಆಳುಗಳಿಗೆ ಹೇಳಿದ. ರೂತಳ ಬೆವರಿಗೆ ಬೆಲೆ ಸಿಕ್ಕಿತು, ಮೈಯಲ್ಲಿ ಆದಷ್ಟೇ ಆಯ್ದಳು, ಕಡಿಮೆಯಾದೀತೆಂದು ಕಂಡಲ್ಲಿ ಒಡೆಯ ತೂಕ ಸರಿಮಾಡಿದ.

ಷರತ್ತು ಶಕ್ತಿಗೆ ತಕ್ಕಂತೆ ಬಾಗುವುದು ನಮ್ಮ ಪರಂಪರೆಗೆ ಹೊಸದಲ್ಲ. ಫೆಬ್ರವರಿ 2 ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬವೂ ಹೌದು. ಕುರಿಮರಿ ಕೊಡಲಾಗದವರು ಜೋಡಿ ಹಕ್ಕಿ ಕೊಡಬಹುದು ಎಂಬ ನಿಯಮದಂತೆ ಮರಿಯಮ್ಮನವರೂ ಜೋಸೆಫರೂ ಹಕ್ಕಿಗಳನ್ನೇ ತಂದರು. ಅವರ ಬಡತನಕ್ಕೆ ಫೋಟೋ ಕೇಳಿದ ದಾಖಲೆ ಇಲ್ಲ. ಇದೇ ದಿನ ಬಂಡ್ಲಪಲ್ಲಿಯಲ್ಲಿ ಯೋಜನೆ ಆರಂಭವಾದದ್ದು ಬರೀ ಕಾಕತಾಳೀಯ, ಆದರೂ ಹೇಳದೆ ಇರಲಾಗಲಿಲ್ಲ.

ಇನ್ನೊಂದು ಮಾತು ನಮ್ಮೊಳಗೆ. ಉಪಾಧಿ ಕೆಲಸದಲ್ಲಿ ಅಳತೆ ಗುಂಪಿನ ಲೆಕ್ಕದಲ್ಲಿ ನಡೆಯುತ್ತದೆ. ಗುಂಪು ಕಡಿಮೆ ಅಗೆದರೆ ಎಲ್ಲರ ಕೂಲಿಯೂ ಕಡಿಮೆ. ಹಾಗಾಗಿ ವಯಸ್ಸಾದವರನ್ನು, ಬಾಣಂತನ ಮುಗಿಸಿ ಬಂದವರನ್ನು ಸೇರಿಸಿಕೊಳ್ಳಲು ಗುಂಪಿನವರೇ ಹಿಂದೆಮುಂದೆ ನೋಡುತ್ತಾರೆ. ಟೆಂಪಲ್ ಬರಬೇಕಿಲ್ಲ, ನಾವೇ ಒಬ್ಬರಿಗೊಬ್ಬರು ಜರಡಿಯಾಗುತ್ತೇವೆ. ಅಂಗವಿಕಲರಿಗೆ ಬೇರೆ ಗುಂಪು, ಅಳತೆಯಲ್ಲಿ ರಿಯಾಯಿತಿ ಎಂಬ ಏರ್ಪಾಟು ಆಂಧ್ರದಲ್ಲಿ ಬಂದಿತ್ತು. ಅದೇ ಬುದ್ಧಿಯನ್ನು ಇತರ ದುರ್ಬಲರಿಗೂ ಏಕೆ ವಿಸ್ತರಿಸಬಾರದು? ಗುಂಡಿಯೊಂದೇ ಏಕೆ ಕೆಲಸ? ವಿಶ್ವಗುರು ಎರಡನೆಯ ಜಾನ್ ಪಾಲರು 1981ರ ತಮ್ಮ ‘ಲಬೋರೆಮ್ ಎಕ್ಸೆರ್ಚೆನ್ಸ್’ ವಿಶ್ವಪತ್ರದಲ್ಲಿ ಮಕ್ಕಳನ್ನು ಸಾಕುವ ತಾಯಂದಿರ ಶ್ರಮವನ್ನೂ ದುಡಿಮೆಯೆಂದೇ ಎಣಿಸಿದ್ದಾರೆ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತ ಕೆಲಸಕ್ಕೆ ಹೋಗಲಾಗದ ಸೊಸೆಯನ್ನು ಯಾವ ಮಸ್ಟರ್ ರೋಲೂ ದುಡಿಯುವವಳೆಂದು ಬರೆಯುವುದಿಲ್ಲ.

ನಮ್ಮ ವಯಸ್ಸಿನವರ ಮೇಲಿನ ಆಕ್ಷೇಪವನ್ನೂ ಬಿಡಬಾರದು. 2024ರಲ್ಲಿ ಆರಂಭವಾದ ಕರ್ನಾಟಕದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ಎರಡು ವರ್ಷದವರೆಗೆ ತಿಂಗಳಿಗೆ 3,000. ಪಾವಗಡದ ಗೆಳೆಯರು ಅದಕ್ಕೆ ಅರ್ಜಿ ಹಾಕಿದಾಗ ನಮ್ಮಲ್ಲೇ ಕೆಲವರು ನಕ್ಕರು. ನಗು ಅಸೂಯೆಯದೂ ಆಗಿದ್ದೀತು. ಡಿಗ್ರಿ ಇದ್ದವನಿಗೆ ತಾನು ನಿರುದ್ಯೋಗಿ ಎಂದು ತಾನೇ ಬರೆದುಕೊಟ್ಟರೆ ಸಾಕು. ಡಿಗ್ರಿ ಇಲ್ಲದ ಅವನ ತಾಯಿ ಬಿಸಿಲಲ್ಲಿ ದಿನಕ್ಕೆ ಎರಡು ಫೋಟೋ ಕೊಡಬೇಕು. ಒಬ್ಬನ ಮಾತನ್ನು ನಂಬುತ್ತೇವೆ, ಇನ್ನೊಬ್ಬಳ ಬೆವರನ್ನೂ ನಂಬುವುದಿಲ್ಲ. ಯುವನಿಧಿ ನಿಲ್ಲಿಸಿ ಎಂದು ಇದರ ಅರ್ಥವಲ್ಲ. ಆ ನಂಬಿಕೆಯಲ್ಲಿ ಸ್ವಲ್ಪ ಈಚೆಗೂ ಬರಲಿ.

ಗಡಿಯ ಇನ್ನೊಂದು ಲೆಕ್ಕ: 2025–26ರಲ್ಲಿ ಕರ್ನಾಟಕದ ದಿನಗೂಲಿ 370. ಮೊಳಕಾಲ್ಮುರಿನ ಅಕ್ಕನಿಗೆ 370, ರಾಯದುರ್ಗದ ತಂಗಿಗೆ 307. ಮಣ್ಣು ಒಂದೇ, ಬಿಸಿಲು ಒಂದೇ. ನೂರು ದಿನಕ್ಕೆ 6,300 ರೂಪಾಯಿ ವ್ಯತ್ಯಾಸ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಜಾಗಕ್ಕೆ ಹೊಸದನ್ನು ಅಂಗೀಕರಿಸಿತು. ದಿನಗಳು 125ಕ್ಕೆ ಏರುತ್ತವೆ, ಇದನ್ನು ಮೆಚ್ಚಬೇಕು. ಜೊತೆಗೆ ಖರ್ಚಿನ ಶೇಕಡಾ 40ನ್ನು ನಮ್ಮಂಥ ರಾಜ್ಯಗಳು ಹೊರಬೇಕು, ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕೆಲಸ ಇರುವುದಿಲ್ಲ. ಆ 60 ದಿನ ರೈತರಿಗೆ ಆಳು ಸಿಗಲಿ ಎಂಬ ಉದ್ದೇಶ. ನಮ್ಮಲ್ಲೂ ಐದಾರು ಎಕರೆಯವರು ಇದ್ದಾರೆ, ಆಳು ಸಿಗದ ಅವರ ಸಂಕಟ ಸುಳ್ಳಲ್ಲ. ಆದರೆ ಮಳೆ ಬಾರದ ವರ್ಷ ರಾಯದುರ್ಗದಲ್ಲಿ ಬಿತ್ತನೆಯೇ ಇರುವುದಿಲ್ಲ. ಹೊಲದಲ್ಲೂ ಕೆಲಸವಿಲ್ಲ, ಸರ್ಕಾರದಲ್ಲೂ ಕೆಲಸವಿಲ್ಲ ಎಂಬ ಆ ವಾರಗಳಲ್ಲಿ ದುಡಿಯಲು ಸಿದ್ಧನಿದ್ದವನನ್ನು ಸಂತ ಪೌಲರ ಯಾವ ಗುಂಪಿಗೆ ಸೇರಿಸೋಣ? ಕೊಡುವವನ ಕಡೆಯ ಷರತ್ತು ಮತ್ತೆ ಸಡಿಲವಾಗುತ್ತಿದೆ ಎಂಬ ಭಯ ನಮಗಿದೆ. ಸುಧಾರಣೆ ಮಾಡುವುದಾದರೆ ಅಲ್ಲಿಂದ ಮಾಡಲಿ. ಅಗೆದ ಮಣ್ಣು ಅಳತೆಗೆ ಸಿಕ್ಕರೆ ಫೋಟೋ ಇಲ್ಲದಿದ್ದರೂ ಕೂಲಿ ಕೊಡಲಿ. ಭತ್ಯೆ ಅರ್ಜಿಗೆ ಕಾಯದೆ ತಾನಾಗಿ ಬರಲಿ. ತಡಕ್ಕೆ ತೆರುವ ದಂಡ ತಡ ಮಾಡಿದವರಿಗೆ ತಾಗುವಷ್ಟಿರಲಿ. ಕನ್ನಡದವರು ಹೆಚ್ಚಿರುವ ಮಂಡಲಗಳಲ್ಲಿ ಕಾಗದ ಕನ್ನಡದಲ್ಲೂ ಇರಲಿ. ಇವು ದೊಡ್ಡ ಬೇಡಿಕೆಗಳೇನಲ್ಲ.

ಅಲ್ಲಿಯವರೆಗೆ ಯುವಜನ ಕೂಟದ ಕೈಲಾದದ್ದು ಒಂದಿದೆ. ಕೆಲಸಕ್ಕೆ ಅರ್ಜಿ ಕೊಟ್ಟಾಗ ದಿನಾಂಕ ಹಾಕಿದ ರಸೀದಿ ಪಡೆಯುವುದು ನಿಮ್ಮ ಹಕ್ಕು. ಬಾಯಲ್ಲಿ ಕೇಳಿ ರಸೀದಿ ಇಲ್ಲದೆ ಬಂದರೆ 15 ದಿನದ ಲೆಕ್ಕ ತೋರಿಸುವುದು ಕಷ್ಟ, ಭತ್ಯೆ ಕೇಳುವುದೂ ಕಷ್ಟ. ಹೆಚ್ಚಿನವರ ಬಳಿ ಆ ರಸೀದಿ ಇಲ್ಲ. ಮುಂದಿನ ಭಾನುವಾರದಿಂದ ಎರಡನೆಯ ಪೂಜೆ ಮುಗಿದ ಮೇಲೆ ಉಪದೇಶ ಕೊಠಡಿಯಲ್ಲಿ ನಮ್ಮಲ್ಲಿ ನಾಲ್ವರು ಕೂತಿರುತ್ತೇವೆ. ಜಾಬ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ತನ್ನಿ. ತೆಲುಗಿನ ಕಾಗದ ಓದಿ ಹೇಳುತ್ತೇವೆ, ಮೂರರಲ್ಲೂ ಹೆಸರು ಒಂದೇ ಇದೆಯೇ ನೋಡುತ್ತೇವೆ, ಅರ್ಜಿ ಬರೆದುಕೊಡುತ್ತೇವೆ. ರಸೀದಿ ಕೇಳಲು ಒಬ್ಬರೇ ಹೋಗಲು ಹಿಂಜರಿಯುವವರು ಮೊದಲೇ ಹೇಳಿದರೆ ಸೋಮವಾರ ನಮ್ಮಲ್ಲಿ ಒಬ್ಬರು ಜೊತೆಗೆ ಬರುತ್ತಾರೆ. ಬೇರೆ ಧರ್ಮದ ನೆರೆಯವರನ್ನೂ ಕರೆತನ್ನಿ.